ಮನೆತನದ ದೆವ್ವ

ಗೋಡೆ ಬೋಳಾಗಿ ಕಾಣುತ್ತದೆ ಎಂದು ಡೈರೆಕ್ಟರ್ ವಿನಾಯಕ್ ಅವತ್ತು ಅನ್ನದೇ ಇದ್ದಿದ್ದರೆ ಲೋಕೇಶನಿಗೆ ಈ ಪಾಡು ಬರುತ್ತಿರಲಿಲ್ಲ.

ಪಟ್ಟಂದೂರು ಅಗ್ರಹಾರದಲ್ಲಿ ಲೋಕೇಶನದು ಮೂರಂತಸ್ತಿನ ಬಾಡಿಗೆ ಕಟ್ಟಡ. ಅದರ ಹಿಂದೆ, ಐಟಿ ಪಾರ್ಕಿನ ಗಾಜಿನ ಗೋಡೆಗೆ ಬೆನ್ನು ಕೊಟ್ಟುಕೊಂಡು, ಅವನ ತಾತ ಕಟ್ಟಿಸಿದ ಹೆಂಚಿನ ಮನೆ ಇನ್ನೂ ನಿಂತಿದೆ. ಅದನ್ನು ಕೆಡವಲು ತಾಯಿ ಭದ್ರಮ್ಮ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುವುದು ಅಲ್ಲೇ. ಹೊಸ ಕಟ್ಟಡದಲ್ಲಿ ಎಡೆ ಇಟ್ಟರೆ ಹಿರಿಯರಿಗೆ ಮನೆ ಗುರುತು ಸಿಗದೆ ಬಾಡಿಗೆಯವರ ಬಾಗಿಲು ತಟ್ಟಿಯಾರು ಎಂಬುದು ಆಕೆಯ ಹೆದರಿಕೆ. ದೆವ್ವದ ಸಿನಿಮಾಕ್ಕೆಂದು ವಿನಾಯಕ್ ಆ ಮನೆಯನ್ನು ಕೇಳಿಕೊಂಡು ಬಂದಾಗ ಆಕೆ ಹಾಕಿದ ಷರತ್ತು ಒಂದೇ, ನಮ್ಮ ಹಿರೀಕರನ್ನು ಕುಣಿಸಕೂಡದು. ಗೋಡೆಯ ಮೇಲಿದ್ದ ಮಾವ, ಅತ್ತೆ, ಗಂಡ ಮೂವರ ಪಟವನ್ನೂ ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ, ತನ್ನ ಕೋಣೆಗೆ ಕರೆದುಕೊಂಡು ಹೋದಳು. ಮೊಣಕಾಲು ನೋವೆಂದು ಶೂಟಿಂಗ್ ಮುಗಿಯುವವರೆಗೆ ಆ ಕಡೆ ತಲೆ ಹಾಕಲಿಲ್ಲ.

ಬೋಳು ಗೋಡೆಗೆ ಹಳೇ ಕಾಲದ ಹೆಂಗಸಿನ ಒಂದು ಪಟ ಬೇಕೆಂದು ವಿನಾಯಕ್ ಕೇಳಿದ. ಕೇಳಿದವರಿಗೆ ಇಲ್ಲ ಎನ್ನುವ ನಾಲಿಗೆಯನ್ನು ದೇವರು ಲೋಕೇಶನಿಗೆ ಕೊಟ್ಟಿಲ್ಲ. ಅಟ್ಟ ಹತ್ತಿ, ಟ್ರಂಕು ತೆಗೆದು, ಕಂಬಳಿಗಳ ಅಡಿಯಲ್ಲಿ ಬೋರಲು ಬಿದ್ದಿದ್ದ ಒಂದು ಕಪ್ಪು ಬಿಳುಪು ಪಟ ಹುಡುಕಿ ತಂದ. ಹದಿನಾರರ ಹುಡುಗಿ. ದೊಡ್ಡ ಮೂಗುತಿ. ಸ್ಟುಡಿಯೋದವನ ಫ್ಲ್ಯಾಶಿಗೆ ಬೆಚ್ಚಿ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಿದ್ದವು. ಯಾರೋ ಹಳೇ ನೆಂಟರವಳು, ಪಾಪ, ಯಾವತ್ತೋ ಹೋಗಿರಬೇಕು ಅಂದುಕೊಂಡ ಲೋಕೇಶ, ಹೋದವಳಿಗೆ ಮರ್ಯಾದೆ ಇರಲಿ ಎಂದು ತಾನೇ ಅಂಗಡಿಗೆ ಹೋಗಿ ಗಂಧದ ಹಾರ ತಂದು ಹಾಕಿದ.

ಆ ಕಣ್ಣುಗಳನ್ನು ನೋಡಿದ ವಿನಾಯಕ್ ಅಲ್ಲೇ ಜಗಲಿಯ ಮೇಲೆ ಕುಳಿತು ಕತೆ ಬದಲಿಸಿದ. ಬಾವಿಯಿಂದ ಬರಬೇಕಾಗಿದ್ದ ದೆವ್ವ ಅವತ್ತಿನಿಂದ ಪಟದಿಂದ ಬರತೊಡಗಿತು. ಸಿನಿಮಾಕ್ಕೆ 'ಗೋಡೆಗಣ್ಣು' ಎಂದು ಹೆಸರಾಯಿತು. ತನ್ನ ಹೊಲದ ಮೇಲೆ ಎದ್ದ ಗಾಜಿನ ಆಫೀಸಿಗೆ ಹಳ್ಳಿ ಹೆಂಗಸೊಬ್ಬಳು ದೆವ್ವವಾಗಿ ನುಗ್ಗಿ, ಲ್ಯಾಪ್‌ಟಾಪಿನ ಮುಂದೆ ಕೂತವರನ್ನು ಒಬ್ಬೊಬ್ಬರಾಗಿ ಎಳೆದೊಯ್ಯುತ್ತಾಳೆ. ಕೊನೆಗೆ ಮಂತ್ರವಾದಿ ನಿಂಬೆಹಣ್ಣು ಎಸೆದದ್ದೇ ಹೊಗೆಯಾಗಿ ಹೋಗುತ್ತಾಳೆ. ಇಷ್ಟೇ ಕತೆ. ಜನ ಮುಗಿಬಿದ್ದರು. ಮಹಾಲಯ ಅಮಾವಾಸ್ಯೆ ಬರುವ ಹೊತ್ತಿಗೆ ವೈಟ್‌ಫೀಲ್ಡಿನ ಕಾಂಪೌಂಡು, ಕರೆಂಟು ಕಂಬ, ಆಟೋಗಳ ಬೆನ್ನು ಎಲ್ಲೆಲ್ಲೂ ಆ ಎರಡು ಕಣ್ಣು.

ಅಮಾವಾಸ್ಯೆಯ ಬೆಳಗ್ಗೆ ಲೋಕೇಶ ಬಹಳ ಖುಷಿಯಲ್ಲಿದ್ದ. ಕಾರಣ ಸಿನಿಮಾ ಅಲ್ಲ, ಬೇಗೂರಿನ ಅವನ ಸೋದರತ್ತೆ ದೇವಕ್ಕ. ಎಷ್ಟೋ ವರ್ಷಗಳ ಹಿಂದೆ ಇದೇ ಹಬ್ಬದಲ್ಲಿ, ಎಡೆಯ ಮುಂದೆ ಮೊದಲ ಊದುಬತ್ತಿ ಹಚ್ಚುವವರು ಯಾರು ಎಂದು ದೇವಕ್ಕನಿಗೂ ಭದ್ರಮ್ಮನಿಗೂ ಮಾತು ಬಂತು. ಸತ್ತವರು ನನ್ನ ಅಪ್ಪ ಅಮ್ಮ ಎಂದು ಆಕೆ, ಮನೆ ಸೊಸೆ ನಾನು ಎಂದು ಈಕೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಭದ್ರಮ್ಮ ಗಾದೆ ಎತ್ತಿದ್ದೇ ತಡ, ದೇವಕ್ಕ ಉಣ್ಣದೆ ಎದ್ದು ಹೋದಳು. ಆಮೇಲೆ ತಮ್ಮ ಸತ್ತಾಗಲೂ ಬಂದು ಹೊರಗೇ ನಿಂತು ಅತ್ತು ಹೋದಳೇ ಹೊರತು ತೌರಿನ ಹೊಸ್ತಿಲು ತುಳಿಯಲಿಲ್ಲ. ನಮ್ಮಕ್ಕ ಈ ಮನೆಯಲ್ಲಿ ಒಂದು ಹೊತ್ತು ಉಂಡು ಹೋಗುವ ಹಾಗೆ ಮಾಡು ಎಂಬುದು ಅಪ್ಪ ಲೋಕೇಶನ ಕೈ ಹಿಡಿದು ಹೇಳಿದ ಕೊನೆಯ ಮಾತು. ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅದಕ್ಕಾಗಿ ಅವನು ಬೇಗೂರಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಅತ್ತೆ ಜಪ್ಪಯ್ಯ ಎಂದಿರಲಿಲ್ಲ. ಹೋದ ವಾರ ಅದೇನನ್ನಿಸಿತೋ, ತಾನಾಗಿ ಫೋನ್ ಮಾಡಿ, ಹಬ್ಬಕ್ಕೆ ಬರುತ್ತೇನೆ, ಕಾರು ತೆಗೆದುಕೊಂಡು ಬಾ ಎಂದಿದ್ದಳು.

ಹೆಂಡತಿ ಯಮುನಾ ನಸುಕಿಗೇ ಎದ್ದು ವಡೆಗೆ ರುಬ್ಬಿ, ಒಬ್ಬಟ್ಟಿಗೆ ಹೂರಣ ಮಾಡಿ, ಮಾಂಸದ ಸಾರಿಗೆ ಮಸಾಲೆ ಹುರಿಯುತ್ತಿದ್ದಳು. ಭದ್ರಮ್ಮ ವೀಳ್ಯದೆಲೆ ತರುತ್ತೇನೆಂದು ಹೊರಟವಳು ಎದುರುಗಡೆ ಕಾಂಪೌಂಡಿನ ಪೋಸ್ಟರ್ ಮುಂದೆ ನಿಂತೇಬಿಟ್ಟಳು. ಆಕೆ ಸಿನಿಮಾ ನೋಡಿದವಳಲ್ಲ, ಕನ್ನಡಕವಿಲ್ಲದ್ದರಿಂದ ಪೋಸ್ಟರನ್ನೂ ಇಷ್ಟು ದಿನ ನೋಡಿದವಳಲ್ಲ. ಇವತ್ತು ಹಬ್ಬವೆಂದು ಕನ್ನಡಕ ಹಾಕಿದ್ದಳು.

"ಲೋಕಿ, ಇದು ನಿಮ್ಮ ಬೇಗೂರತ್ತೆ ಕಣೋ," ಎಂದು ಗೇಟಿನಲ್ಲಿದ್ದ ಮಗನಿಗೆ ಕೂಗಿ ಹೇಳಿದಳು. "ಗಂಡಿನ ಮನೆಯೋರಿಗೆ ಕಳ್ಸಕ್ಕೆ ಅಂತ ತೆಗ್ಸಿದ್ದ ಪಟ. ಜಗಳ ಆದ್ಮೇಲೆ ನಾನೇ ಬೋರಲಾಗಿ ಟ್ರಂಕಿಗಾಕಿದ್ದೆ. ಬದುಕಿರೋರ ಪಟಕ್ಕೆ ಆರ ಆಕಿದ್ಯಲ್ಲೋ ಪಾಪಿ."

ಬದುಕಿರುವವರ ಪಟಕ್ಕೆ ಹಾರ ಹಾಕುವುದೆಂದರೆ ಆ ಕಡೆ ಬೈಗುಳಕ್ಕಿಂತ ಮೇಲೆ. ಇವನು ಹಾರವನ್ನೂ ಹಾಕಿ, ದೆವ್ವವನ್ನೂ ಮಾಡಿ, ಥಿಯೇಟರಿನಲ್ಲಿ ಟಿಕೆಟ್ ಇಟ್ಟು ತೋರಿಸಿದ್ದ. ಬರಬೇಡ ಅತ್ತೆ ಎನ್ನೋಣವೆಂದರೆ ಆಕೆ ಇನ್ನು ಈ ಜನ್ಮದಲ್ಲಿ ಬರಲಾರಳು. ಬಾ ಎನ್ನೋಣವೆಂದರೆ ದಾರಿಯುದ್ದಕ್ಕೂ ಅವಳದೇ ಮುಖ. ಉಳಿದದ್ದು ಒಂದೇ ದಾರಿ, ಇದೊಂದು ದಿನ ಆಕೆಯ ಕಣ್ಣಿಗೆ ಆಕೆಯ ಕಣ್ಣು ಬೀಳದ ಹಾಗೆ ನೋಡಿಕೊಳ್ಳುವುದು. ಅವನು ಬಕೆಟ್ಟಿನಲ್ಲಿ ನೀರು, ಒಂದು ತಗಡಿನ ತುಂಡು ಹಿಡಿದು ಬೀದಿಗಿಳಿದ.

ಮೂರನೇ ಪೋಸ್ಟರ್ ಕೆರೆಯುವಾಗ ಚಿಕ್ಕಬೈರಪ್ಪನವರ ಕಣ್ಣಿಗೆ ಬಿದ್ದ. ಚಿಕ್ಕಬೈರಪ್ಪ ಹಿಂದೊಮ್ಮೆ ಊರಿನ ಪಂಚಾಯಿತಿ ಮೆಂಬರಾಗಿದ್ದವರು. ಊರು ನಗರದೊಳಗೆ ಸೇರಿದ ಮೇಲೆ ಮೆಂಬರ್‌ಗಿರಿ ಹೋಯಿತು, ಅಭ್ಯಾಸ ಹೋಗಲಿಲ್ಲ. ಮಾತಿಗೆ ಮುಂಚೆ ನಿಯೋಗ ಕಟ್ಟುವವರು. ಎರಡು ವರ್ಷದಿಂದ ಊರಿನಲ್ಲಿ ಯಾವ ಹೋರಾಟವೂ ಇಲ್ಲದೆ ಸೊರಗಿದ್ದರು.

ನಿನ್ನ ಮನೆಯಲ್ಲೇ ತೆಗೆದ ಸಿನಿಮಾದ ಪೋಸ್ಟರನ್ನು ನೀನೇ ಯಾಕೆ ಹರಿಯುತ್ತಿದ್ದೀಯ ಎಂದು ಅವರು ಕೇಳಿದರು. ನಿಜ ಹೇಳುವಂತಿಲ್ಲ. ಸುಳ್ಳು ಹುಡುಕಲು ಹೊತ್ತಿಲ್ಲ. ಸುಮ್ಮನೆ, ಮನಸ್ಸಿಗೆ ಸರಿ ಬರಲಿಲ್ಲ ಅಣ್ಣ ಎಂದುಬಿಟ್ಟ ಲೋಕೇಶ. ಚಿಕ್ಕಬೈರಪ್ಪನವರ ಮುಖ ಅರಳಿತು. ತಮಗೂ ಆ ಸಿನಿಮಾ ನೋಡಿದಾಗಿಂದ ಏನೋ ಒಂದು ಸರಿ ಬಂದಿರಲಿಲ್ಲವೆಂದೂ, ಅದೇನೆಂದು ಈಗ ಹೊಳೆಯಿತೆಂದೂ ಹೇಳಿದರು. ನಮ್ಮೂರ ಹೆಂಗಸು ಯಾವ ಕಾಲದಲ್ಲಿ ಬಿಳಿ ಸೀರೆ ಉಟ್ಟಿದ್ದಳು? ರಾಗಿ ಹೊಲದಲ್ಲಿ ಕೆಲಸ ಮಾಡುವವಳು ಬಿಳಿ ಸೀರೆ ಉಟ್ಟರೆ ಒಗೆಯುವವರು ಯಾರು? ಇದು ಊರಿಗೇ ಮಾಡಿದ ಅವಮಾನ. ನೀನು ಮುಂದೆ ನಿಲ್ಲು, ಹಿಂದೆ ನಾನಿದ್ದೇನೆ ಎಂದು ಬೆನ್ನು ತಟ್ಟಿ, ಲೋಕೇಶ ಬಾಯಿ ತೆರೆಯುವ ಮೊದಲೇ ಫೋನು ಕಿವಿಗಿಟ್ಟುಕೊಂಡು ನಡೆದರು.

ಉಳಿದ ಪೋಸ್ಟರುಗಳನ್ನೂ ಕೆರೆದು, ಬಕೆಟ್ಟು ಇಡಲು ಮನೆಗೆ ಬಂದರೆ ಮೆಟ್ಟಿಲ ಮೇಲೆ ಎರಡನೇ ಮಹಡಿಯ ಭಾಗ್ಯಶ್ರೀ ಕಾದಿದ್ದಳು. ಆಕೆ ಕಾಲೇಜಿನಲ್ಲಿ ಸಿನಿಮಾ ಬಗ್ಗೆ ಪಾಠ ಹೇಳುವವಳು. ಸಿನಿಮಾ ನೋಡುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದು ಲೋಕೇಶನಿಗೆ ಇನ್ನೂ ಪೂರ್ತಿ ನಂಬಿಕೆಯಾಗಿಲ್ಲ. ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು.

"ಸಾರ್, ಊರಿನ ಮೂಲ ಜನರ ಕಡೆಯಿಂದ ಬಂದ ಮೊದಲ ಪ್ರತಿರೋಧ ಇದು," ಎಂದಳು, ಕಣ್ಣು ಹೊಳೆಯಿಸುತ್ತ. "ನಿಮಗೆ ಎಲ್ಲಿ ನೋವಾಯ್ತು, ಅದೊಂದನ್ನ ಹೇಳಿ. ರೆಕಾರ್ಡ್ ಮಾಡ್ಕೊತೀನಿ."

ಲೋಕೇಶ ತಗಡು ತಾಗಿ ರಕ್ತ ಬಂದಿದ್ದ ಹೆಬ್ಬೆರಳು ತೋರಿಸಿದ. ಆಕೆಗೆ ಬೇಕಾದದ್ದು ಅದಲ್ಲ. ದೆವ್ವ ಎಂದರೆ ದೆವ್ವವಲ್ಲವೆಂದೂ, ಅದು ಐಟಿ ಪಾರ್ಕು ನುಂಗಿದ ಹಳ್ಳಿಯ ರೂಪಕವೆಂದೂ, ನೆಲ ಕಳೆದುಕೊಂಡ ಹೆಂಗಸನ್ನೇ ಕೆಟ್ಟವಳು ಮಾಡಿ, ಆ ನೆಲದ ಮೇಲೆ ಕೂತವರನ್ನು ಪಾಪದವರು ಮಾಡಿರುವುದೇ ಈ ಸಿನಿಮಾದ ರಾಜಕಾರಣವೆಂದೂ, ಹಳ್ಳಿಯ ಹೆಣ್ಣಿಗೆ ತೆರೆಯ ಮೇಲೆ ಸಿಗುವ ಪ್ರಾತಿನಿಧ್ಯ ಇಷ್ಟೇನೇ ಎಂದೂ ಬಿಡಿಸಿ ಹೇಳಿದಳು. ಹೇಳುವುದೆಲ್ಲ ಸರಿಯಾಗಿಯೇ ಇರಬೇಕು ಎನಿಸಿತು ಲೋಕೇಶನಿಗೆ. ಆದರೆ ಆ ನೆಲವನ್ನು ಮಾರಿದ್ದು ಅವನ ಅಪ್ಪನೇ. ಮಾರಿದ ದಿನ ಊರಿಗೆಲ್ಲ ಬಾಡೂಟ ಹಾಕಿಸಿ, ಹೊಸ ಜೀಪಿನಲ್ಲಿ ಮೂರು ಸುತ್ತು ಬಂದಿದ್ದರು. ಇದನ್ನು ಹೇಳಿದರೆ ಆಕೆಗೆ ಬೇಜಾರಾದೀತೆಂದು, ಸಾಯಂಕಾಲ ನೋವು ಮಾಡಿಕೊಳ್ಳುತ್ತೇನೆ ಮೇಡಂ, ಈಗ ಅತ್ತೆಯನ್ನು ಕರೆತರಬೇಕು ಎಂದು ಕಾರು ಹತ್ತಿದ.

ಬೇಗೂರಿನಲ್ಲಿ ಅವನಿಗೊಂದು ಆಶ್ಚರ್ಯ ಕಾದಿತ್ತು. ಹಿಂದೆ ಹೋದಾಗಲೆಲ್ಲ ಟಿವಿಯಿಂದ ಮುಖ ತಿರುಗಿಸದೆ ದೇವಕ್ಕನನ್ನು ಗದರುತ್ತಿದ್ದ ಅವಳ ಸೊಸೆ ಇವತ್ತು ಅತ್ತೆಯ ಚೀಲ ತಾನೇ ಹೊತ್ತು, ಚಪ್ಪಲಿ ಜೋಡಿಸಿ ಇಟ್ಟು, ಬಾಗಿಲ ಪಕ್ಕಕ್ಕೆ ಸರಿದು ನಿಂತಿದ್ದಳು. ಬೀದಿಯಲ್ಲಿ ಎಳನೀರಿನವನು ಕಾರಿನ ಕಿಟಕಿಯವರೆಗೆ ಬಂದು, ಕಾಯಿ ಕೆತ್ತಿ ಕೊಟ್ಟು, ಕೈ ಮುಗಿದು ಹೋದ. ಬೇಗೂರಿನ ಜನ ವಯಸ್ಸಿಗೆ ಕೊಡುವ ಮರ್ಯಾದೆ ನೋಡಿ ಲೋಕೇಶನ ಮನಸ್ಸು ತುಂಬಿ ಬಂತು.

ದೊಡ್ಡ ರಸ್ತೆಯ ಕಂಬಗಳಲ್ಲೆಲ್ಲ ಪೋಸ್ಟರ್ ಇದ್ದುದರಿಂದ ಮೆಟ್ರೋ ಕೆಲಸ ನಡೀತಿದೆ ಅತ್ತೆ ಎಂದು ಹೇಳಿ, ಹೊಸ ರೋಡು ಹಿಡಿದು ಗುಂಜೂರು, ವರ್ತೂರಿನ ಒಳದಾರಿಗಳಲ್ಲಿ ನುಗ್ಗಿಸಿದ. ಗುಂಜೂರಿನವರೆಗೆ ಎಲ್ಲ ಸುಸೂತ್ರ. ಅಲ್ಲಿ ಒಂದು ನೀರಿನ ಟ್ಯಾಂಕರು ಮುಂದೆ ಸಿಕ್ಕಿಕೊಂಡಿತು. ಅದರ ಬೆನ್ನಿಗೆ ಅತ್ತೆಯ ಮುಖವನ್ನು ಅಗಲಕ್ಕೂ ಅಂಟಿಸಿದ್ದರು. ರಸ್ತೆ ಕಿರಿದು, ಮುಂದೆ ಹೋಗುವ ಹಾಗಿಲ್ಲ, ಹಿಂದೆ ಕಂಪನಿಯ ಬಸ್ಸು. ಹದಿನಾರರ ದೇವಕ್ಕ ಎಪ್ಪತ್ತು ದಾಟಿದ ದೇವಕ್ಕನನ್ನು ಬಹಳ ಹೊತ್ತು ದಿಟ್ಟಿಸಿದಳು.

"ಮೂಗ್ತಿ ಚೆನ್ನಾಗೈತೆ," ಎಂದಳು ಅತ್ತೆ.

"ಯಾವ್ದೋ ಸೋಪಿನ ಜಾಹೀರಾತು ಅತ್ತೆ," ಎಂದ ಲೋಕೇಶ. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು.

"ಅದಕ್ಕೇ ಕಣ್ಣು ಅಂಗಾಗೈತೆ. ನೊರೆ ಓಗಿರ್ಬೇಕು."

ಆಕೆ ಮತ್ತೇನೂ ಕೇಳಲಿಲ್ಲ. ಅತ್ತೆಗೆ ಕಣ್ಣು ಮಂಜಾಗಿದೆ, ದೇವರು ದೊಡ್ಡವನು ಎಂದುಕೊಂಡ ಲೋಕೇಶ ವರ್ತೂರು ಕೆರೆ ದಾಟುವಾಗ ಸಣ್ಣಗೆ ಹಾಡನ್ನೂ ಗುನುಗಿದ.

ಅಗ್ರಹಾರದ ತಿರುವಿಗೆ ಬರುತ್ತಲೇ ಹಾಡು ನಿಂತಿತು. ಅವನು ಬೆಳಗ್ಗೆ ಉಗುರು ಕಿತ್ತುಕೊಂಡು ಬೀದಿಯ ಪೋಸ್ಟರುಗಳನ್ನೆಲ್ಲ ಕೆರೆದಿದ್ದನಷ್ಟೆ. ಈಗ ಅವನ ಗೇಟಿನ ಮೇಲೆಯೇ ಎರಡು ಆಳೆತ್ತರದ ಫ್ಲೆಕ್ಸು ನಿಂತಿತ್ತು. ಊರ ಹೆಣ್ಣುಮಕ್ಕಳಿಗೆ ಆದ ಅವಮಾನ ಖಂಡಿಸಿ ಎಂದು ಮೇಲೆ ಕೆಂಪು ಅಕ್ಷರ. ಕೆಳಗೆ ಒಂದು ಮೂಲೆಯಲ್ಲಿ ಕೈ ಮುಗಿದ ಚಿಕ್ಕಬೈರಪ್ಪ, ಇನ್ನೊಂದು ಮೂಲೆಯಲ್ಲಿ ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿದ ಲೋಕೇಶ. ಖಂಡಿಸುವುದು ಯಾವುದನ್ನು ಎಂದು ಜನರಿಗೆ ತಿಳಿಯಬೇಕಲ್ಲ, ಅದಕ್ಕೆ ನಡುವೆ ದೇವಕ್ಕನ ಮುಖ, ಹಾರದ ಸಮೇತ. ಬೆಂಗಳೂರಿನಲ್ಲಿ ನೀರು ಬರುವುದು ತಡವಾದೀತು, ಫ್ಲೆಕ್ಸು ತಡವಾಗುವುದಿಲ್ಲ.

ಅದರ ಕೆಳಗೆ ಊರಿನ ಹತ್ತಿಪ್ಪತ್ತು ಜನ, ಮೆಟ್ಟಿಲ ಮೇಲೆ ಬಾಡಿಗೆಯವರು, ಎಲ್ಲರ ಮುಂದೆ ಫೋನು ಹಿಡಿದ ಭಾಗ್ಯಶ್ರೀ. ಲೋಕೇಶ ಕಾರನ್ನು ಹಿಂದಕ್ಕೆ ತೆಗೆಯುವ ಮೊದಲೇ ದೇವಕ್ಕ ಬಾಗಿಲು ತೆರೆದು ಇಳಿದಳು. ಸೆರಗು ಸರಿಮಾಡಿಕೊಂಡು, ಫ್ಲೆಕ್ಸನ್ನೊಮ್ಮೆ, ಜನರನ್ನೊಮ್ಮೆ ನೋಡಿದಳು. ಮುಖ ಸುಕ್ಕಾಗಿತ್ತು, ಕಣ್ಣು ಮಾತ್ರ ಅವೇ. ಜನ ಮೇಲೆ ನೋಡಿದರು, ಕೆಳಗೆ ನೋಡಿದರು. ಘೋಷಣೆ ಕೂಗಲು ಎತ್ತಿದ್ದ ಚಿಕ್ಕಬೈರಪ್ಪನವರ ಕೈ ಅಲ್ಲೇ ನಿಂತು, ಮೆಲ್ಲಗೆ ನಮಸ್ಕಾರವಾಯಿತು.

ಮುಗಿಯಿತು ಎಂದುಕೊಂಡ ಲೋಕೇಶ. ಅಪ್ಪ ಕೈ ಹಿಡಿದದ್ದು ನೆನಪಾಗಿ ಅವನ ಕಣ್ಣಲ್ಲಿ ನೀರೇ ಬಂತು. ಆಗಲೇ ಭಾಗ್ಯಶ್ರೀ ಮುಂದೆ ಬಂದು, ಅಜ್ಜಿ, ನಿಮ್ಮನ್ನ ಕೇಳದೆ ನಿಮ್ಮನ್ನ ದೆವ್ವ ಮಾಡಿದ್ದಾರೆ, ಹಳ್ಳಿ ಹೆಂಗಸು ಅಂದ್ರೆ ಭಯ ಹುಟ್ಟಿಸೋಳು ಅಂತ ತೋರಿಸಿದ್ದಾರೆ, ನಿಮಗೆ ಎಷ್ಟು ನೋವಾಗಿದೆ ಎಂದು ಕೇಳಿದಳು.

"ನೋವಾ?" ಎಂದಳು ದೇವಕ್ಕ. "ನಾನು ಮೂರು ಸಲ ನೋಡಿದೀನಿ ಕಣವ್ವ. ಅಲ್ಲೀಗಂಟ ನನ್ನ ಸೊಸೆ ಕಾಪಿ ಕೇಳುದ್ರೆ ಕಾಲ್ಗಂಟೆ ಬುಟ್ಟು ಕೊಡೋಳು. ಈಗ ಕೇಳೋಕ್ಮುಂಚೆ ತತ್ತಾಳೆ. ಎಳನೀರಿನೋನು ದುಡ್ಡು ಮುಟ್ಟಕ್ಕಿಲ್ಲ. ಭಯ ಇದ್ರೆ ತಪ್ಪೇನವ್ವ?"

ದೇವಕ್ಕ ಹೆಂಚಿನ ಮನೆಯ ಕಡೆ ತಿರುಗಿದಳು. ಮೊದಲ ಸಲ ನೋಡಿದಾಗ ಥಿಯೇಟರಿನಲ್ಲಿ ಎಲ್ಲರೂ ಕಿರುಚುತ್ತಿದ್ದರೆ ತಾನೊಬ್ಬಳೇ ಅಳುತ್ತಿದ್ದೆನೆಂದು ಹೇಳಿದಳು. ಆ ಗೋಡೆಯ ಮೇಲೆ ಅಪ್ಪನ ಪಟ ಇತ್ತು, ಅಮ್ಮನದಿತ್ತು, ತಮ್ಮನದೂ ಬಂತು. ನಾಳೆ ಸೊಸೆಯದೂ ಬರುತ್ತದೆ. ಮಗಳ ಪಟ ಹಾಕುವ ಪದ್ಧತಿ ಇಲ್ಲ. ಹುಟ್ಟಿದ ಮನೆಯ ಗೋಡೆಯ ಮೇಲೆ ತನ್ನ ಮುಖ ಕಂಡದ್ದು ಆ ಸಿನಿಮಾದಲ್ಲೇ. ಅದಕ್ಕೇ ಬಂದೆ ಎಂದಳು. ಬಾಡಿಗೆಯವರಲ್ಲೊಬ್ಬಳು ಮೂಗು ಒರೆಸಿಕೊಂಡಳು. ಲೋಕೇಶನಿಗೆ ಎದೆಯ ಮುಳ್ಳು ಕಿತ್ತು ಬಂದ ಹಾಗಾಯಿತು.

"ಒಂದೇ ನಂಗೆ ಸರಿ ಬರ್ನಿಲ್ಲ," ಎಂದು ದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮನೆ ಎಣ್ಣು ನಿಂಬೆಣ್ಣಿಗೆ ಎದ್ರುಕೊಂಡು ಓಡ್ತಾಳಾ? ಉಪ್ಪಿನಕಾಯಿ ಆಕಿ ಆಕಿ ಕೈ ಸವ್ದಿರೋ ಮನೆ ನಮ್ದು."

ಇದು ನ್ಯಾಯವಾದ ಮಾತೆಂದು ಜನರೆಲ್ಲ ತಲೆಯಾಡಿಸಿದರು. ಬಿಳಿ ಸೀರೆಯ ಜೊತೆಗೆ ನಿಂಬೆಹಣ್ಣನ್ನೂ ಖಂಡಿಸುವುದಾಗಿ ಚಿಕ್ಕಬೈರಪ್ಪ ಘೋಷಿಸಿದರು. ಅಲ್ಲಿಗೆ ಎಲ್ಲ ಶುಭವಾಗಿ ಮುಗಿಯಬೇಕು. ಆದರೆ ಆರತಿ ತಟ್ಟೆ ಹಿಡಿದು ನಿಂತಿದ್ದ ಭದ್ರಮ್ಮ ತಟ್ಟೆಯನ್ನು ಕೆಳಗಿಟ್ಟಳು.

"ಎಲ್ಲಾ ಸರಿ ಅಕ್ಕ," ಎಂದಳು. "ಆದ್ರೆ ಈ ಮನೆ ದೆವ್ವ ನೀನೆಂಗಾಗ್ತೀಯ? ನಿನ್ನ ಬೇಗೂರಿಗೆ ಕೊಟ್ಟಾಯ್ತು. ನೀನು ಕಾಡೋದಿದ್ರೆ ಅಲ್ಲಿ ಕಾಡ್ಬೇಕು. ಈ ಮನೇಲಿ ಒಲೆ ಊದಿ, ಸಗಣಿ ಸಾರ್ಸಿ, ಬಾವಿ ನೀರು ಸೇದಿ ಸವೆದೋಳು ನಾನು. ನಾಳೆ ನಾನು ಸತ್ರೆ ಎಲ್ಲೋಗ್ಲಿ?"

ಲೋಕೇಶ ತಾಯಿಯ ಮುಖ ನೋಡಿದ. ಆಕೆ ತಮಾಷೆ ಮಾಡುತ್ತಿರಲಿಲ್ಲ. ದೇವಕ್ಕನೂ ತಮಾಷೆಯೆಂದು ತಿಳಿಯಲಿಲ್ಲ. ನಾನು ಹುಟ್ಟಿದ ಮನೆ ಎಂದು ಆಕೆ, ನಾನು ಬೆಳಗಿದ ಮನೆ ಎಂದು ಈಕೆ. ಊದುಬತ್ತಿಯ ಜಗಳ ಬಿಟ್ಟ ಜಾಗದಿಂದಲೇ ಮತ್ತೆ ಶುರುವಾಯಿತು. ಪದ್ಧತಿಯ ಪ್ರಕಾರ ಮನೆಯ ದೆವ್ವ ಸೊಸೆಯೇ ಎಂದು ಚಿಕ್ಕಬೈರಪ್ಪ ತೀರ್ಪು ಕೊಟ್ಟರು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನೇ ಇರುವಾಗ ದೆವ್ವವಾಗುವುದರಲ್ಲಿ ಯಾಕಿಲ್ಲ ಎಂದು ಭಾಗ್ಯಶ್ರೀ ತಿರುಗಿಬಿದ್ದಳು. ಊರಿನವರೆಲ್ಲ ಒಂದು ಪಕ್ಷ, ಬಾಡಿಗೆಯವರೆಲ್ಲ ಒಂದು ಪಕ್ಷವಾಯಿತು. ಅಡುಗೆಮನೆಯಿಂದ ಯಮುನಾ ವಡೆಯ ಜಾಲರಿ ಹಿಡಿದು ಇಣುಕಿ, ಎಣ್ಣೆ ಕಾದಿದೆ ಎಂದು ಒಳಗೆ ಹೋದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕೊನೆಗೆ ದೇವಕ್ಕ, ಕಾರು ತಿರುಗಿಸು ಲೋಕಿ, ಇದು ನನ್ನ ಮನೆಯಲ್ಲ ಎಂದು ಹೊರಟೇಬಿಟ್ಟಳು. ಮತ್ತೆ ಉಣ್ಣದೆ, ಮತ್ತೆ ಹೊಸ್ತಿಲ ಹೊರಗಿನಿಂದಲೇ. ಲೋಕೇಶನಿಗೆ ಏನು ಮಾಡಬೇಕೋ ತಿಳಿಯದೆ, ಮಾಡಿದವನನ್ನೇ ಕೇಳೋಣವೆಂದು ವಿನಾಯಕ್‌ಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದ. ಸಾರ್, ನಿಂಬೆಹಣ್ಣಿಗೆ ಓಡಿದ ದೆವ್ವ ವಾಪಸ್ ಬರಲೇಬೇಕು, ಜೊತೆಗೆ ಸೊಸೆಯ ದೆವ್ವವೂ ಒಂದು ಇರಬೇಕು, ಇಲ್ಲದಿದ್ದರೆ ನನ್ನ ಮನೆ ಮುರಿಯುತ್ತದೆ ಎಂದು ಒಂದೇ ಉಸಿರಿಗೆ ಹೇಳಿದ.

ಆ ಕಡೆಯಿಂದ ವಿನಾಯಕ್ ಖುಷಿಯಿಂದ ಕೂಗಿಯೇಬಿಟ್ಟ. ಎರಡನೇ ಭಾಗಕ್ಕೆ ಕತೆ ಸಿಗದೆ ಅವನು ಒಂದು ತಿಂಗಳಿಂದ ಗಡ್ಡ ಬಿಟ್ಟಿದ್ದ. ಮನೆ ಮಗಳೂ ದೆವ್ವ, ಮನೆ ಸೊಸೆಯೂ ದೆವ್ವ, ಒಂದೇ ಗೋಡೆಯ ಮೇಲೆ ಎರಡು ಪಟ. ಈ ಸಲ ನಿಂಬೆಹಣ್ಣು ನಡೆಯುವುದಿಲ್ಲ, ಎಸೆದರೆ ಇಬ್ಬರೂ ಹಿಡಿದು ಪಾನಕ ಮಾಡಿ ಕುಡಿಯುತ್ತಾರೆ ಎಂದ. ಕಾರಿನ ಬಾಗಿಲಿಗೆ ಕೈ ಹಾಕಿದ್ದ ದೇವಕ್ಕ ಕೈ ತೆಗೆದಳು. ಭದ್ರಮ್ಮ ಮೆಲ್ಲಗೆ, ಪಟಕ್ಕೆ ಕನ್ನಡಕ ಹಾಕಿಕೊಳ್ಳಬೇಕಾ ಬೇಡವಾ ಎಂದು ಕೇಳಿದಳು.

ಲೋಕೇಶ ದೊಡ್ಡ ಉಸಿರು ಬಿಟ್ಟ. ಅಷ್ಟಕ್ಕೇ ಫೋನು ಇಟ್ಟಿದ್ದರೆ ಚೆನ್ನಾಗಿತ್ತು. ಆದರೆ ಥ್ಯಾಂಕ್ಸ್ ಹೇಳದೆ ಫೋನ್ ಇಡುವವನಲ್ಲ ಅವನು.

"ಇನ್ನೊಂದು ವಿಷ್ಯ ಲೋಕೇಶ್ ಸಾರ್," ಎಂದ ವಿನಾಯಕ್. "ಮೊದಲ ಭಾಗದಲ್ಲಿ ನಂದೊಂದು ತಪ್ಪಾಯ್ತು. ಸಂಬಳಕ್ಕೆ ದುಡಿಯೋ ಹುಡುಗ್ರನ್ನ ದೆವ್ವ ಯಾಕೆ ಸಾಯಿಸ್ಬೇಕು ಅಂತ ಎಲ್ರೂ ಕೇಳಿದ್ರು. ನಿಜ. ದೆವ್ವಕ್ಕೂ ಒಂದು ಸಿದ್ಧಾಂತ ಬೇಕು. ಅದಕ್ಕೆ ಈ ಸಲ ನಿಜವಾದ ಅಪರಾಧಿ ಆ ಮನೆ ಮಗನೇ. ಓನರ್ರು. ಅತ್ತೇನ ಹೊರಗೆ ಹಾಕ್ಸಿ, ತಾಯಿನ ಮೂಲೆಗೆ ಕೂರ್ಸಿ, ಇಡೀ ಮನೇನ ರೂಮ್ ರೂಮ್ ಮಾಡಿ ಬಾಡಿಗೆಗೆ ಬಿಟ್ಟೋನು. ಈಗ ನೀವು ಹೇಳ್ತಿದ್ದ ಹಾಗೇ ನೀವೇ ಕಣ್ಮುಂದೆ ಬಂದ್ರಿ ಸಾರ್. ಪಾತ್ರ ನೀವೇ ಮಾಡ್ಬೇಕು."

ಮೊದಲು ತಲೆಯಾಡಿಸಿದವಳು ಭಾಗ್ಯಶ್ರೀ. ಇದು ಸರಿಯಾದ ಪ್ರಾತಿನಿಧ್ಯ ಎಂದಳು. ಓನರ್ರು ದಿನಕ್ಕೆ ಹತ್ತೇ ನಿಮಿಷ ನೀರು ಬಿಡುವ ದೃಶ್ಯವೊಂದು ಇರಲೇಬೇಕು ಎಂದು ಮೂರನೇ ಮಹಡಿಯಿಂದ ಯಾರೋ ಕೂಗಿದರು. ಊರ ಮರ್ಯಾದೆಗೆ ಇದರಿಂದ ಯಾವ ಧಕ್ಕೆಯೂ ಇಲ್ಲವೆಂದು ಚಿಕ್ಕಬೈರಪ್ಪ ಒಪ್ಪಿಗೆ ಕೊಟ್ಟು, ಫ್ಲೆಕ್ಸು ಬಿಚ್ಚಲು ಹೇಳಿದರು. ಬೆಳಗ್ಗೆಯಿಂದ ಯಾವ ಮಾತಿಗೂ ಒಮ್ಮತವಾಗದ ಜನ ಈ ಒಂದು ಮಾತಿಗೆ ಒಮ್ಮತವಾದರು.

"ನಂಗೆ ಬೇಜಾರಾಗಿದೆ," ಎಂದ ಲೋಕೇಶ. ನಿಜವಾಗಿಯೂ ಆಗಿತ್ತು. ಇಷ್ಟು ಹೊತ್ತು ಹುಡುಕಿದರೂ ಸಿಗದಿದ್ದ ನೋವು ಈಗ ತಾನಾಗಿ ಬಂದು ಎದೆ ತುಂಬಿತ್ತು. ಹೇಳಿಕೊಳ್ಳೋಣವೆಂದು ಭಾಗ್ಯಶ್ರೀಯ ಕಡೆ ತಿರುಗಿದರೆ ಆಕೆ ಫೋನನ್ನು ಚೀಲಕ್ಕೆ ಹಾಕಿ, ಮಾಂಸದ ಸಾರಿನ ವಾಸನೆ ಹಿಡಿದು ಹೆಂಚಿನ ಮನೆಯ ಕಡೆ ನಡೆದಾಗಿತ್ತು.

ಎಡೆ ಚೆನ್ನಾಗಿಯೇ ನಡೆಯಿತು. ಬಾಳೆಲೆಯ ಮೇಲೆ ಮುದ್ದೆ, ಸಾರು, ವಡೆ, ಒಬ್ಬಟ್ಟು, ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಹೊಸ ಸೀರೆ, ಅಪ್ಪನಿಗೆ ಅವರ ಬ್ರ್ಯಾಂಡಿನ ಒಂದು ಕ್ವಾರ್ಟರು. ಊದುಬತ್ತಿ ಹಚ್ಚುವ ಹೊತ್ತಿಗೆ ಲೋಕೇಶ ಇಬ್ಬರ ನಡುವೆ ಬಂದು ನಿಂತ. ಭದ್ರಮ್ಮ ಬೆಂಕಿಪೊಟ್ಟಣವನ್ನು ದೇವಕ್ಕನ ಕಡೆ ನೂಕಿ, ನೀನೇ ಹಚ್ಚು ಅಕ್ಕ, ಇನ್ಮೇಲೆ ಜೊತೆಗೆ ಕೆಲಸ ಮಾಡುವವರು ನಾವು ಎಂದಳು. ದೇವಕ್ಕ ಒಂದು ಕಡ್ಡಿ ಗೀರಿ ಎರಡು ಊದುಬತ್ತಿ ಹಚ್ಚಿ, ಒಂದನ್ನು ಅವಳ ಕೈಗೆ ಕೊಟ್ಟಳು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರು. ಅಪ್ಪ ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿರಬೇಕು ಎನಿಸಿ ಲೋಕೇಶನಿಗೆ ಬೇಜಾರು ಅರ್ಧ ಇಳಿಯಿತು.

ಊಟಕ್ಕೆ ಅತ್ತೆ ಒಂದು ಪಕ್ಕ, ತಾಯಿ ಒಂದು ಪಕ್ಕ, ನಡುವೆ ಅವನು. ದೇವಕ್ಕ ತೌರಿನ ಮುದ್ದೆಯ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿದಳು. ಅಪ್ಪ ಹೇಳಿದ ಮಾತು ನಡೆಯಿತು ಎಂದು ಲೋಕೇಶ ಮನಸ್ಸಿನಲ್ಲೇ ಕೈ ಮುಗಿದ. ಆಕೆ ಕಣ್ಣು ತೆರೆದು, ಕೊನೆಯ ಸೀನಿನಲ್ಲಿ ಓನರ್ರು ಹೇಗೆ ಸಾಯುತ್ತಾನೆ ಎಂದು ಕೇಳಿದಳು. ಕತ್ತು ಹಿಸುಕಿ ಇರಬೇಕು ಎಂದ ಲೋಕೇಶ, ಸಾರು ಕಲೆಸುತ್ತ.

"ಇಸುಕೋದು ನಾನು," ಎಂದಳು ದೇವಕ್ಕ. "ಮೊದ್ಲು ದೆವ್ವ ಆದೋಳು ನಾನು."

"ಎತ್ತೋಳು ನಾನಿರ್ಬೇಕಾದ್ರೆ ನೀನ್ಯಾಕಕ್ಕ ಇಸುಕ್ತೀಯ?" ಎಂದಳು ಭದ್ರಮ್ಮ, ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ. ದೇವಕ್ಕನ ಕೈಯೂ ಎಲೆಯಿಂದ ಮೇಲೆದ್ದಿತು. ಲೋಕೇಶ ಗಾಬರಿಯಾಗಿ, ಜಗಳ ಬೇಡ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದುಕೊಳ್ಳಿ ಎಂದು ಕತ್ತು ತೋರಿಸಿದ. ಇಬ್ಬರೂ ಕೇಳಲಿಲ್ಲ.

ಆಗ ಸಾರಿನ ಪಾತ್ರೆ ಹಿಡಿದು ಬಂದ ಯಮುನಾ ಅವನ ಎಲೆಯ ಮುಂದೆ ನಿಂತಳು. ನಸುಕಿನಿಂದ ಒಲೆಯ ಮುಂದೆ ನಿಂತು ಮುಖ ಕೆಂಪಾಗಿತ್ತು. ಅವನ ಎಲೆಗೆ ಒಳ್ಳೆಯ ತುಂಡು ನೋಡಿ ಬಡಿಸಿದಳು.

"ನೀವಿಬ್ರೂ ದೊಡ್ಡೋರು, ಸುಮ್ನೆ ಯಾಕೆ ಕೈ ನೋಯಿಸ್ಕೊತೀರ," ಎಂದಳು. "ಕಟ್ಕೊಂಡೋಳು ನಾನಿದೀನಲ್ಲ."

ದೇವಕ್ಕ ಭದ್ರಮ್ಮನ ಮುಖ ನೋಡಿದಳು, ಭದ್ರಮ್ಮ ದೇವಕ್ಕನ ಮುಖ ನೋಡಿದಳು. ಹಕ್ಕು ಯಾರದೆಂಬ ಮಾತಿಗೆ ಆ ಮನೆಯಲ್ಲಿ ಮೊದಲ ಸಲ ಯಾರೂ ಎದುರಾಡಲಿಲ್ಲ. ಇಬ್ಬರೂ ತಲೆ ತಗ್ಗಿಸಿ ತೃಪ್ತಿಯಿಂದ ಊಟ ಮುಂದುವರಿಸಿದರು.